ಎಡ ಮೂರು, ಸೇತುವೆ ಕಿರಿದು

ಹಿಂದಿನ ಸೀಟು ಜಗುಲಿಗೆ ಬಂತೆಂದರೆ
ರ‍್ಯಾಲಿ ಹತ್ತಿರ ಬಂತೆಂದು ನಮಗೆ ಗೊತ್ತು.
ಬೋಲ್ಟು ಬಿಚ್ಚಿ, ಹುಸೇನಬ್ಬ ಮತ್ತವನ ಹುಡುಗ
ಬಾಣಂತಿಯನ್ನು ಎತ್ತಿ ತಂದಷ್ಟು ಜೋಪಾನವಾಗಿ
ಗೋಡೆಗೊರಗಿಸುತ್ತಿದ್ದರು.
ಕಂದು ರೆಕ್ಸಿನ್ನು, ನಡುವೆ ನನ್ನ ತಮ್ಮ ಕಾರಿಕೊಂಡ ಕಲೆ.
ಆಮೇಲೆ ಮೂರು ವಾರ ನಮ್ಮ ಮಗ್ಗಿ,
ಹಾಲಿನವನ ಹರಟೆ, ಪಾದ್ರಿಗಳ ಕಾಫಿ
ಎಲ್ಲ ಅದರ ಮೇಲೇ.

ಉಳಿದ ದಿನ ಅದು ಬರೀ ಫಿಯೆಟ್ಟು.
ಐದು ಮಕ್ಕಳು, ಒಂದು ಹಲಸಿನ ಹಣ್ಣು,
ಕಣ್ಣಿನ ಪೊರೆ ತೆಗೆಸಿಕೊಂಡ ಅಜ್ಜಿ.
ಚೋಕ್ ಎಳೆದರೆ ಕೆಮ್ಮುತ್ತಿತ್ತು,
ಬೈದರೆ ಹೊರಡುತ್ತಿತ್ತು.

ಹುಸೇನಬ್ಬ ಅದರ ಹೆಡ್ಡು ಬಿಚ್ಚಿ ಕೂದಲೆಳೆಯಷ್ಟು ಅರೆದ.
ಎಣ್ಣೆಯ ಡ್ರಮ್ಮು ಸೀಳಿ ಹೊಟ್ಟೆಗೆ ತಗಡು ಕಟ್ಟಿದ.
"ಸಂಸಾರದ ಗಾಡಿ ಪೊರ್ಬುಗಳೇ,
ಓಡು ಅನ್ನಿ, ಓಡುತ್ತೆ. ಹಾರು ಅನ್ನಬೇಡಿ."
ಅಪ್ಪ ಹಾರು ಅಂದ.

ಅಪ್ಪ, ಗ್ರೆಗರಿ ಮಥಾಯಸ್,
ಕ್ಯೂರಿಂಗ್ ವರ್ಕ್ಸಿನಲ್ಲಿ ತೂಕದ ಗುಮಾಸ್ತ.
ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಮ್ಮನೇ ಒಪ್ಪಿಕೊಂಡರೂ
ಇಲ್ಲ, ಕಡಿಮೆ, ಎಂದು ವಾದಿಸುವವನು.
ಕಾರಿನೊಳಗೆ ಮಾತ್ರ
ಅವಳು ಬಲ ಅಂದರೆ ಬಲ.

ಅಮ್ಮ ಓಡಿಸಲು ಕಲಿಯಲಿಲ್ಲ.
ಹಾಲಿನ ಲೆಕ್ಕದ ಪುಸ್ತಕವನ್ನು ಬೋರಲು ತಿರುಗಿಸಿ
ಹಿಂದಿನ ಹಾಳೆಯಿಂದ ರಸ್ತೆ ಬರೆಯುತ್ತಾ ಬಂದಳು:

ಕೈಮರದಿಂದ ನೂರೈವತ್ತು ನೇರ
ಎಡ ಮೂರು, ಸೇತುವೆ ಕಿರಿದು
ಸಿಲ್ವರ್ ಮರ, ನಾಯಿ ಇರುವ ಮನೆ, ಬಲ ಎರಡು
ಬಲ ಒಂದು, ನಂಬಬೇಡ

ಎಪ್ಪತ್ತೆಂಟರ ಡಿಸೆಂಬರು.
ಅತ್ತಿಗುಂಡಿಯ ಕಂಟ್ರೋಲಿನಲ್ಲಿ ಮೇಜು, ಲಾಟೀನು,
ಮಫ್ಲರ್ ಸುತ್ತಿದ ಇಬ್ಬರು, ಅವರ ಕೈಯಲ್ಲಿ ಗಡಿಯಾರ.
ನಾನು ಹುಸೇನಬ್ಬನ ಸ್ವೆಟರಿನೊಳಗೆ.
ಕವಿಕಲ್ ಗಂಡಿಯಲ್ಲಿ ಮಂಜು ಕೂತಿದೆ ಅಂದರು.
ಹೆರಾಲ್ಡೊಂದು ಚರಂಡಿಗಿಳಿದಿದೆ ಅಂದರು.
ಅಂಬಾಸಿಡರಿನವರು ಗಾಡಿ ನಿಲ್ಲಿಸಿ
ಬೀಡಿ ಹಚ್ಚಿದ್ದಾರಂತೆ.

ಗಂಡಿಯಲ್ಲಿ ಏನಾಯಿತು?
ಅಪ್ಪನ ಪ್ರಕಾರ: ಮಂಜಿತ್ತು. ಓಡಿಸಿದೆ.
ಅಮ್ಮನ ಪ್ರಕಾರ:
ದೊಡ್ಡ ದೀಪ ಹಾಕಿದಷ್ಟೂ ಮಂಜು ಗೋಡೆಯಾಯಿತು.
ಆರಿಸಿಬಿಟ್ಟರು.
ಆಮೇಲೆ ಇದ್ದದ್ದು ಮಡಿಲಲ್ಲೊಂದು ಟಾರ್ಚು, ನನ್ನ ಗಂಟಲು.
ನಾನು ಓದಿದ ಕಡೆ ರಸ್ತೆ ಇರುತ್ತಿತ್ತು.

ಮೊದಲು ಸದ್ದು ಬಂತು,
ಅರೆದ ಹೆಡ್ಡಿನ ಆ ಗೊಗ್ಗರು ಸದ್ದು.
ಹುಸೇನಬ್ಬ ನನ್ನನ್ನು ಕೆಳಗಿಳಿಸಿ ಎದ್ದು ನಿಂತ.
ಬಾಗಿದ ಬಂಪರು, ರೆಕ್ಕೆಯ ತುದಿಗೆ ಕೆಸರು.
ಮಫ್ಲರಿನವನು ಗಡಿಯಾರ ನೋಡಿ,
ಇನ್ನೊಮ್ಮೆ ನೋಡಿ,
"ಎರಡು ನಿಮಿಷ ಬೇಗ ಬಂದಿದ್ದೀರಿ" ಅಂದ.
ಬೇಗ ಬಂದದ್ದಕ್ಕೆ ದಂಡ ಉಂಟೆಂದು
ನನಗೆ ಅವತ್ತೇ ಗೊತ್ತಾದದ್ದು.

ನಾಲ್ಕನೇ ಸ್ಥಾನ. ಒಂದು ಥರ್ಮಾಸ್ ಫ್ಲಾಸ್ಕು.
ಅಪ್ಪ ಮನೆಯವರೆಗೂ ಗೊಣಗಿದ:
ಸರಾಸರಿ ಲೆಕ್ಕ ನಿನ್ನದಲ್ಲವೇ, ನಿಧಾನ ಅನ್ನಬಾರದಿತ್ತೇ.
ಅಮ್ಮನ ಲೆಕ್ಕ ತಪ್ಪುವುದಿಲ್ಲ.
ಹಾಲಿನವನನ್ನು ಕೇಳಿ.
ತಿಂಗಳ ಕೊನೆಗೆ ಅರ್ಧ ಪಾವಿಗೂ ಬಿಡುವವಳಲ್ಲ.
ನಿಧಾನ ಅನ್ನಬಹುದಿತ್ತು.
ಅನ್ನಲಿಲ್ಲ.

ಆಮೇಲೆ ಜಿಪ್ಸಿಗಳು ಬಂದವು.
ಏರಿನಲ್ಲಿ ನಮ್ಮದನ್ನು ಸೈಕಲ್ಲಿನಂತೆ ದಾಟಿ ಹೋದವು.
ಹಾಸನದ ಟೈಪಿಂಗ್ ಶಾಲೆಯ ಕಾಳಿಂಗಪ್ಪ ಮೇಷ್ಟ್ರು
ಎಂಟು ಸಾವಿರಕ್ಕೆ ಕೊಂಡರು. ತಿಂಗಳಾದ ಮೇಲೆ
ಕಾರ್ಡು ಬರೆದರು, ಟೈಪು ಮಾಡಿಸಿ:
"ಗಾಡಿ ಕ್ಷೇಮ. ಆದರೆ ತಿರುವು ಕಂಡರೆ
ಯಾಕೋ ತಾನಾಗಿ ಅವಸರಪಡುತ್ತದೆ.
ಹಿಂದಿನ ಸೀಟು ನಿಮ್ಮಲ್ಲೇ ಉಳಿದಂತಿದೆ."

ಉಳಿದಿದೆ. ಕಳಿಸಲಿಲ್ಲ.
ಸ್ಪ್ರಿಂಗು ಒಂದು ಕಡೆ ಎದ್ದಿದೆ,
ನೋಡಿಕೊಂಡು ಕೂರಬೇಕು.
ನಿನ್ನೆ ಅಲ್ಲೇ ಕೂತು ಪುಸ್ತಕ ತೆರೆದೆ.
ಈ ಕಡೆಯಿಂದ ಹಾಲು, ಆ ಕಡೆಯಿಂದ ರಸ್ತೆ
ಬಂದು ಬಂದು
ನಡುವಿನ ಒಂದು ಹಾಳೆಯಲ್ಲಿ ಕೂಡಿಕೊಂಡಿವೆ,
ತಲೆಕೆಳಗಾಗಿ, ಒಂದರ ಸಾಲಿನೊಳಗೆ ಇನ್ನೊಂದು:

ಸೋಮವಾರ ಒಂದೂವರೆ
ಬಲ ಎರಡು
ಮಂಗಳವಾರ ಹಾಲು ಬೇಡ, ರ‍್ಯಾಲಿ
ಬಾಕಿ ಹನ್ನೊಂದು ರೂಪಾಯಿ
ನೇರ