ಗೇರೆಣ್ಣೆಯ ಸಹ್ಯಾದ್ರಿ

ಹಾರವಾಡದ ಶಾಲೆಗೆ ಕಡಲ ಕಡೆ ಒಂದು ಗೋಡೆ.
ಅದರ ಮೇಲೆ ದೇಶದ ಪರ್ವತಗಳನ್ನು ಬರೆಸಬೇಕೆಂದು
ಮೇಲಿನಿಂದ ಕಾಗದ, ಜೊತೆಗೆ
ಒಂದು ಲೀಟರು ಕಂದು ಡಿಸ್ಟೆಂಪರು.
ಬರೆಯುವವಳು ನಾನೇ.
ರೋಣದ ಎರೆನೆಲದವಳು, ಗುಡ್ಡವೆಂದರೆ ನನಗೆ
ದೂರದ ಕಪ್ಪತಗುಡ್ಡ, ಅದೂ ಮೋಡವಿಲ್ಲದ ದಿನ.

ಹಿಮಾಲಯಕ್ಕೆ ಕೈ ಬಿಚ್ಚಿ ಸುರಿದೆ.
ಮೂರು ಸಾಲು, ಒಂದರ ಹಿಂದೊಂದು;
ಪೂರ್ವಕ್ಕೆ ಬಾಗಿ ಪಟ್ಕಾಯಿಗೆ ಬರುವಷ್ಟರಲ್ಲಿ
ಡಬ್ಬಿ ಅರ್ಧ.
ಅರಾವಳಿ ಮುದಿಯದು, ಸವೆದದ್ದು ಎಂದು
ಪುಸ್ತಕವೇ ಹೇಳುತ್ತದಲ್ಲ, ನೀರು ಬೆರೆಸಿದೆ.
ವಿಂಧ್ಯ, ಸಾತ್ಪುರ ಚಹಾದ ಬಣ್ಣ.
ಪೂರ್ವಘಟ್ಟ ಹೇಗೂ ತುಂಡುತುಂಡು,
ಕುಂಚ ಒರೆಸಿದ್ದೇ ಸಾಕಾಯಿತು.
ಸಹ್ಯಾದ್ರಿಗೆಂದು ಏಣಿ ಸರಿಸಿ ಡಬ್ಬಿ ಬಗ್ಗಿಸಿದರೆ
ತಳದಲ್ಲಿ ಒಂದು ನೊಣ.

ಯೋಗಿತಾಳ ಅಪ್ಪ ಬುದವಂತ ತಾಂಡೇಲ
ಬಿಸಿಯೂಟದ ಅಕ್ಕಿಮೂಟೆ ಇಳಿಸಲು ಬಂದವ
ಬೀಡಿ ಕಿವಿಗೆ ಸಿಕ್ಕಿಸಿ ನೋಡುತ್ತ ನಿಂತ.
"ಅಕ್ಕೋರೇ, ನಮ್ ಗುಡ್ಡ ಎಲ್ಲದೆ?"
ಬೆರಳಿಟ್ಟು ತೋರಿಸಿದೆ, ಬರಿಯ ಸುಣ್ಣ.
"ಇಲ್ಲಿ. ಬಣ್ಣ ಮುಗೀತು."
"ಇದು ಹಕ್ಕಿ ಕಂಡದ್ದು," ಎಂದ,
"ನಾವು ಕಾಣೂದು ಬೇರೆ."

ಇದ್ದಿಲ ಚೂರು ತೆಗೆದು ಅಲ್ಲೇ ಕೆಳಗೆ
ಒಂದು ಗೆರೆ ಎಳೆದ, ಕೈ ಎತ್ತದೆ.
ಗೂನಜ್ಜಿ. ಮೊಸರುಗಡಿಗೆ. ಅದರಾಚೆ ಮೊಲ.
ಮೊಲದ ಒಂದೇ ಕಿವಿ ಕಂಡರೆ
ಅಡಿಯಲ್ಲಿ ಕೆಸರು, ಶೆಟ್ಲಿ, ಬಲೆ ಬಿಡು.
ಗೂನಜ್ಜಿಯ ಬೆನ್ನು ಗಡಿಗೆಯ ಬಾಯಿಗೆ ಮುಟ್ಟುವ ಮೊದಲು
ಎತ್ತಿಬಿಡು. ಮುಂದೆ ಕಲ್ಲು.
ಅವನಿಗೆ ಯಾವ ಗುಡ್ಡವೂ ನಿಂತಲ್ಲಿ ನಿಲ್ಲುವುದಿಲ್ಲ,
ದೋಣಿ ನಡೆದಂತೆ ಒಂದರ ಬೆನ್ನಿಗೆ ಒಂದು ಅಡಗಿ
ಮತ್ತೆ ಇಣುಕುತ್ತವೆ.
ಒಂದನ್ನೂ ಹತ್ತಿದವನಲ್ಲ.

"ಹೋದ್ ವರ್ಷ ಬಲೆ ಹರೀತು."
ಗುರುತು ತಪ್ಪಿರಲಿಲ್ಲ, ಅವನಪ್ಪ ಹೇಳಿಕೊಟ್ಟ ಗುರುತು.
ಹೆದ್ದಾರಿಯವರು ಗೂನಜ್ಜಿಯ ಭುಜ ಕೊರೆದಿದ್ದರು,
ಮಣ್ಣು ಲಾರಿ ಹತ್ತಿ ಎಲ್ಲಿಗೋ ಹೋಗಿತ್ತು.
ಬೆನ್ನು ಗಡಿಗೆಗೆ ಮುಟ್ಟುವುದು ಈಗ
ಐವತ್ತು ಮಾರು ತಡ.
ಕಡಲೊಳಗಿನ ಕಲ್ಲು ಮಾತ್ರ ಅಲ್ಲೇ ಇತ್ತು.
ಅಳಿಯನ ಮೊಬೈಲಿನಲ್ಲಿ ಎಲ್ಲ ತೋರಿಸುತ್ತದಂತೆ.
ತಾಂಡೇಲ ಅದನ್ನು ನಂಬುತ್ತಾನೆ,
ನಂಬಿ, ಮತ್ತೆ ತಲೆ ಎತ್ತಿ ನೋಡುತ್ತಾನೆ.

ಮರುದಿನ ತಂದ, ತೆಂಗಿನ ಕರಟದಲ್ಲಿ
ದೋಣಿಗೆ ಬಳಿದು ಉಳಿದ ಗೇರೆಣ್ಣೆ.
"ಕೈ ಮುಟ್ಟಬೇಡಿ, ಸುಡ್ತದೆ."
ತಾಪಿಯಿಂದ ಕೆಳಕ್ಕೆ ಅವನೇ ಬಳಿದ
ನಾರಿನ ಕುಂಚದಲ್ಲಿ, ಹಲಗೆಯ ಸಂದುಗೊಂದಿಗೆ
ಒತ್ತುವ ಹಾಗೆ ಒತ್ತಿ ಒತ್ತಿ.
ಕಾರವಾರದ ಕೆಳಗೆ, ನಮ್ಮೂರು ಇರಬೇಕಾದಲ್ಲಿ
ಹೆಬ್ಬೆರಳಗಲ ಬಿಟ್ಟು ಮುಂದೆ ಹೋದ.
ನಾನು ಕೇಳಲಿಲ್ಲ.
ಕೊಚ್ಚಿಯ ಹತ್ತಿರ ಸೋರಿದ್ದನ್ನು ಒರೆಸಲು ಹೋಗಿ
ಬೆರಳು ಸುಟ್ಟುಕೊಂಡೆ. ಚರ್ಮ ಎದ್ದು
ಎರಡು ತಿಂಗಳು ಸುಲಿಯಿತು.

ಜೂನ್. ಶಾಲೆ ತೆರೆದ ಹತ್ತನೇ ದಿನಕ್ಕೆ
ಹಿಮಾಲಯ ಗೋಡೆಯಿಂದಿಳಿದು ಚರಂಡಿ ಸೇರಿತು.
ಅರಾವಳಿ ಹೋದದ್ದು ಯಾರಿಗೂ ತಿಳಿಯಲಿಲ್ಲ.
ವಿಂಧ್ಯದ ಜಾಗದಲ್ಲಿ ಪಾಚಿ.
ಉಳಿದದ್ದು ಒಂದೇ ಒಂದು ಕರಿಗೆರೆ, ಉದ್ದಕ್ಕೆ,
ಮಳೆ ಬಿದ್ದಷ್ಟೂ ಮಿರಮಿರ.
ತಪಾಸಣೆಗೆ ಬಂದವರು ಕೊಡೆಯೊಳಗಿಂದ ಕೇಳಿದರು,
"ಏನಿದು, ದೋಣಿಯೇ?"

ಮಕ್ಕಳು ನಕ್ಕರು.
ಯೋಗಿತಾ ಅಪ್ಪ ಬಿಟ್ಟ ಸಂದಿಗೆ ಹೆಬ್ಬೆರಳಿಟ್ಟು
ಒಂದು ಕಣ್ಣು ಮುಚ್ಚಿ ನಿಂತಿದ್ದಳು.
ಗೋಡೆಯಾಚೆ ಮಳೆ, ಮಳೆಯಾಚೆ
ಗೂನಜ್ಜಿ ಇರಬೇಕು, ಕಾಣುತ್ತಿರಲಿಲ್ಲ.
ಅಳೆದಳು, ಇನ್ನೊಮ್ಮೆ ಅಳೆದಳು,
ತಿರುಗದೆಯೇ ಹೇಳಿದಳು:
"ನಾವೀಗ ಕಲ್ಲಿನ ಮೇಲೇ ಇದ್ದೇವೆ, ಅಕ್ಕೋರೇ."