ತೂಗುಬುಟ್ಟಿಯೂ ಹನ್ನೊಂದನೇ ನಂಬರಿನ ಬಸ್ಸೂ

ಮೇ ತಿಂಗಳ ಮೊದಲ ವಾರ. ಲ್ಯಾಂಕಾಷೈರಿನ ಈ ಊರಲ್ಲಿ
ರಾತ್ರಿಯನ್ನು ಇನ್ನೂ ನಂಬುವ ಹಾಗಿಲ್ಲ.
ಬೀಗದಕೈ ಕೊರೆಯುವ ಅಂಗಡಿಯ ಹಿತ್ತಲಲ್ಲಿ
ಎನಿಡ್ ಥ್ರೆಲ್‌ಫಾಲ್ ಬಕೆಟ್ಟಿನ ಬಾಯಿಗೆ
ತಂತಿಬುಟ್ಟಿ ಕೂರಿಸಿದ್ದಾಳೆ.
ದುಂಡು ತಳ, ನೆಲಕ್ಕಿಟ್ಟರೆ ಹೊರಳುತ್ತದೆ
ಕತ್ತು ನಿಲ್ಲದ ಕೂಸಿನ ಹಾಗೆ.

ಮೊದಲು ಒದ್ದೆ ಪಾಚಿ, ಹಸಿರು ಬದಿ ಹೊರಗೆ.
ಮೇಲೆ ಎರಡು ಹಿಡಿ ಮಣ್ಣು.
ಆಮೇಲೆ ನಾಜೂಕಿನ ಕೆಲಸ:
ಲೊಬೀಲಿಯ ಸಸಿಯ ತಲೆಗೆ ಕಾಗದ ಸುತ್ತಿ
(ನಿನ್ನೆಯ ಪತ್ರಿಕೆ, ನಿಧನವಾರ್ತೆಯ ಪುಟ)
ತಂತಿಯ ಸಂದಿನಲ್ಲಿ ಒಳಗಿಂದ ಹೊರಕ್ಕೆ ನುಸುಳಿಸಬೇಕು.
ಬೇರು ಮನೆಯಲ್ಲಿ, ತಲೆ ಬೀದಿಯಲ್ಲಿ.
ನಲವತ್ತು ವರ್ಷ ಕಿಂಡಿಗಳಲ್ಲೇ ಪಳಗಿದ ಬೆರಳು,
ಆದರೂ ಎರಡರ ಕತ್ತು ಮುರಿಯಿತು.
"ಇಪ್ಪತ್ತಕ್ಕೆ ಎರಡು, ನಡೆಯುತ್ತೆ,"
ಅಂದಳು, ಯಾರೂ ಕೇಳದಿದ್ದರೂ.

ನಟ್ಟನಡುವೆ ಕೆಂಪು ಜೆರೇನಿಯಂ.
ಸುತ್ತ ಪೆಟೂನಿಯ, ಮುಟ್ಟಿದರೆ ಕೈಗೆ ಅಂಟುವ ಎಲೆ.
ಅಂಚಿಗೆ ಬಾಗಿ ಇಳಿಯಲೆಂದು ವರ್ಬೀನ.
"ಹಳದಿ ಮಾತ್ರ ಬೇಡ, ಕಣ್ಣಿಗೆ ಹೊಡೆಯುತ್ತೆ"
ಎಂದಿದ್ದ ಎದುರು ಅಂಗಡಿಯ ಎಂಟ್‌ವಿಸಲ್.
ಅದಕ್ಕೇ ಮೂರು ಚೆಂಡುಹೂ.

ಎರಡು ವಾರ ಹಗಲು ಹೊರಗೆ, ಇರುಳು ಒಳಗೆ.
ಹೊತ್ತು ತರುವಾಗ ಅವಳ ಸೊಂಟಕ್ಕೂ ಅವಳಿಗೂ ನಡೆದ ಮಾತು
ಇಲ್ಲಿ ಬರೆಯುವಂಥದ್ದಲ್ಲ.

ಜೂನಿನಲ್ಲಿ ಬುಟ್ಟಿ ಬಾಗಿಲ ಮೇಲೇರಿತು.
ಕೊಕ್ಕೆಗೋಲಿಗೆ ಪೈಪು ಕಟ್ಟಿ, ಕತ್ತೆತ್ತಿ, ಅಂದಾಜಿನಲ್ಲಿ ನೀರು:
ಪಾಚಿಯ ಹೊಟ್ಟೆಯಿಂದ ತೊಟ್ಟಿಕ್ಕಿದರೆ ಸಾಕೆಂದು ಅರ್ಥ.
ಅಂಚೆಯವನ ಟೋಪಿಗೆ ದಿನಾ ಅದರ ಪಾಲು.
ಮಳೆಯಲ್ಲೂ ನೀರು ಹಾಕುವವಳನ್ನು ಕಂಡು ನಕ್ಕರು.
ನಗಲಿ. ಎಲೆಗಳೇ ಕೊಡೆ ಹಿಡಿದರೆ
ಬೇರಿಗೆ ಹನಿ ತಲುಪುವುದು ಹೇಗೆ?

ಆಗಸ್ಟಿನಲ್ಲಿ ಕೀ ಮಾಡಿಸಲು ಬಂದ ಇದ್ರೀಸ್,
ಒಂಬತ್ತರ ಹುಡುಗ, ಹಲ್ಲಿಗೆ ತಂತಿ.
"ನಿಮ್ಮ ಬುಟ್ಟಿಗೆ ನಡುನೆತ್ತಿ ಬೋಳು," ಅಂದ.
"ಯಾರು ಹೇಳಿದ್ದು?"
"ಬಸ್ಸಿನ ಮೇಲ್ಮಹಡಿ. ಮುಂದಿನ ಸೀಟು."

ಮರುದಿನ ಅವಳು ಟಿಕೆಟ್ಟು ಕೊಂಡು
ತನ್ನ ಅಂಗಡಿಯ ಮುಂದೆಯೇ ಹಾದುಹೋದಳು.
ಕೆಳಗೆ ನಿಂತವರಿಗೆ ನೀಲಿ ಧಾರೆ, ನೇರಳೆ ಜಡೆ.
ಮೇಲಿಂದ ಕಂದುಗಟ್ಟಿದ ಜೆರೇನಿಯಂ ಗೊಂಚಲು,
ಬೀಜ ತುಂಬಿ ಬಿರಿವ ಪೆಟೂನಿಯ:
ಬೀಜವಾಯಿತೆಂದರೆ ಗಿಡ ಕೈ ತೊಳೆದುಕೊಳ್ಳುತ್ತದೆ.
ಮತ್ತೆ ಆ ಬೋಳಿನ ನಡುವೆ,
ಯಾರೂ ನೆಡದ ಒಂದು ಕಳೆ,
ಚಾವಣಿಗಳಾಚೆಯಿಂದ ಹಾರಿ ಬಂದದ್ದು,
ಗೇಣುದ್ದ, ತುದಿಯಲ್ಲಿ ನಾಲ್ಕೇ ಗುಲಾಬಿ ಹೂ.

ಮುಂದಿನ ನಿಲ್ದಾಣದಲ್ಲಿ ಇಳಿದು
ಎಂಟ್‌ವಿಸಲ್‌ನ ಏಣಿ ಕೇಳಿ ತಂದಳು.
(ಅವನು ಚೆಂಡುಹೂವಿನ ಮಾತೆತ್ತಲಿಲ್ಲ, ಪುಣ್ಯ.)
ಬಾಡಿದ್ದನ್ನೆಲ್ಲ ಚಿವುಟಿ ಚಿವುಟಿ
ಏಪ್ರನ್ನಿನ ಜೇಬು ತುಂಬಿಸಿದಳು.
ಕಳೆಗೆ ಕೈ ಹಾಕಿ, ತಡೆದು,
ಬುಡದ ಮಣ್ಣನ್ನು ಒಂದಿಷ್ಟು ಒತ್ತಿ ಇಳಿದಳು.
ಇರಲಿ, ಮೇಲ್ಮಹಡಿಯವರಿಗೆ.