ಬಂದದ್ದು

ಮುಲುಂಡಿನ ಮೂರನೇ ಮಹಡಿಯ ಮನೆ ಮಾರಿ
ಮಂಖುರ್ದಿಗೆ ಬಂದ ದಿನ
ಟೆಂಪೋದಲ್ಲಿದ್ದದ್ದು ಎರಡು ಚಾಪೆ, ಒಂದು ಸ್ಟವ್,
ನಾಲ್ಕು ಪಾತ್ರೆ, ನನ್ನ ಹೊಲಿಗೆ ಯಂತ್ರ.
ಅದನ್ನೂ ಕೊಟ್ಟುಬಿಡುವ ಅಂದಿದ್ದರು ಇವರು.
ಸೂಜಿಯ ಕಣ್ಣಲ್ಲಿ ಒಂಟೆ ನುಗ್ಗದಿದ್ದರೆ ಬೇಡ ಮಾರಾಯ್ರೆ,
ನೂಲಾದರೂ ನುಗ್ಗಲಿ, ಅಂದೆ.
ನಕ್ಕರು. ಯಂತ್ರ ಉಳಿಯಿತು.

ಮಿಕ್ಕದ್ದಕ್ಕೆಲ್ಲ ನೋಟ್‌ಬುಕ್ಕಿನಲ್ಲಿ ಲೆಕ್ಕವುಂಟು.
ಮಜಗಾಂವಿನ ಹಡಗುಕಟ್ಟೆಯಲ್ಲಿ ಮೂವತ್ತೊಂದು ವರ್ಷ
ಉಗ್ರಾಣ ನೋಡಿಕೊಂಡ ಕೈ;
ಬರೆಯದೆ ಒಂದು ಮೊಳೆ ಹೊರಗೆ ಹೋಗಕೂಡದು.
ಎಡಪುಟದಲ್ಲಿ ‘ಹೋದದ್ದು’, ಬಲಪುಟದಲ್ಲಿ ‘ಬಂದದ್ದು’.
ಫ್ರಿಜ್ಜು: ಸಭೆಯ ಕಾವಲುಗಾರ ಯೇಸುರತ್ನನಿಗೆ.
ಸಾಗುವಾನಿ ಕಪಾಟು: ಹುಡುಗಿಯರ ಹಾಸ್ಟೆಲಿಗೆ, ಕನ್ನಡಿ ಸಮೇತ.
ಮನೆಯ ಹಣ: ಕ್ಷಯದ ಮಕ್ಕಳ ಹಾಲು ಮೊಟ್ಟೆಗೆ, ಆರು ಕಂತು.
ಅತ್ತೆಯ ತಾಮ್ರದ ಹಂಡೆ:
ಅಲ್ಲಿ ಮಾತ್ರ ಶಾಯಿ ಸ್ವಲ್ಪ ಹರಡಿದೆ.
ಬಲಪುಟ ಎಲ್ಲ ಕಡೆ ಖಾಲಿ.

ಬೂರುಗದ ಹತ್ತಿಯ ತಲೆದಿಂಬು ಲೆಕ್ಕದಲ್ಲಿಲ್ಲ.
ಯಂತ್ರದ ಮರದ ಮುಚ್ಚಳದೊಳಗೆ ಅಡಗಿ ಬಂದದ್ದು.
ತಲೆಯಿಡಲು ಜಾಗವಿಲ್ಲದವನ ಹಿಂದೆ
ಹೊರಟವರು ಇವರು,
ನಾನು ಇವರ ಹಿಂದೆ ಹೊರಟವಳು.
ನಡುರಾತ್ರಿ ಅದು ಯಾರ ತಲೆಯ ಕೆಳಗಿರುತ್ತದೆ
ಅಂತ ನಾನು ಹೇಳುವುದಿಲ್ಲ.

ಇಲ್ಲಿ ನೀರು ಬೆಳಗಿನ ನಾಲ್ಕಕ್ಕೆ.
ಕಸದ ಗುಡ್ಡಕ್ಕೆ ಬೆಂಕಿ ಬಿದ್ದರೆ
ಅನ್ನಕ್ಕೂ ಹೊಗೆಯ ವಾಸನೆ.
ಇವರ ಬಲ ಮೊಣಕಾಲು ಮಡಚುವುದಿಲ್ಲ,
ಪ್ರಾರ್ಥನೆಗೂ ಗೋಡೆ ಹಿಡಿದು ಇಳಿಯಬೇಕು.

ಪಕ್ಕದ ಖೋಲಿಯ ಮೆಹರುನ್ನಿಸಾ
ಗುಡ್ಡದ ಪ್ಲಾಸ್ಟಿಕ್ ಆರಿಸುವವಳು,
ಮೂರನೇ ದಿನ ಕೇಳಿಯೇಬಿಟ್ಟಳು:
ಜೂಜೋ? ಕಾಯಿಲೆಯೋ?
ಮಗ ಹೊರಗೆ ಹಾಕಿದನೋ?
ಇವರು ತಮ್ಮ ಹಡಗುಕಟ್ಟೆಯ ಹಿಂದಿಯಲ್ಲಿ
ಕಾಲು ಗಂಟೆ ವಿವರಿಸಿದರು,
ಕರೆ, ಶಿಲುಬೆ, ಹಿಂಬಾಲಿಸುವುದು.
ಅವಳು ಎಲ್ಲ ಕೇಳಿ ನನ್ನ ಕೈ ತಟ್ಟಿ,
ಹೋಗಲಿ ಬಿಡಿ ಅಕ್ಕಾ, ಎಲ್ಲರಿಗೂ ಆಗುವುದೇ, ಅಂದಳು.

ಮರುದಿನ ಬಾಗಿಲಲ್ಲಿ ಕುರ್ಚಿ.
ಗುಡ್ಡದಿಂದ ತಂದದ್ದು, ಸೋಪು ಹಾಕಿ ತಿಕ್ಕಿದ್ದು,
ಒಂದು ಕಾಲು ಎರಡು ಬೆರಳಷ್ಟು ಗಿಡ್ಡ.
ಚಾಚಾನ ಮಂಡಿಗೆ, ಅಂದಳು.
ಇವರು ಕೈ ಮುಗಿದರು: ಬೇಡ ತಾಯಿ,
ಮಾರಿದರೆ ನಲವತ್ತು ರೂಪಾಯಿ ಬರುತ್ತದೆ ನಿನಗೆ.
ಅವಳ ಮುಖ
ಮುಚ್ಚಿದ ಅಂಗಡಿಯಂತಾಯಿತು.
ಹೋದಳು. ಕುರ್ಚಿ ಹೋಗಲಿಲ್ಲ.

ಎರಡು ದಿನ ಅದನ್ನು ಸುತ್ತಿಕೊಂಡೇ ಓಡಾಡಿದರು.
ನಾನು ಮಾತಾಡಲಿಲ್ಲ, ಜಂಪರಿಗೆ ಗುಂಡಿ ಹಚ್ಚುತ್ತಿದ್ದೆ.
ಎರಡನೇ ರಾತ್ರಿ ಕತ್ತಲಲ್ಲಿ ಇವರ ದನಿ:
ಕೊಡುವಾಗ ಇಷ್ಟು ಕಷ್ಟ ಆಗಿರಲಿಲ್ಲ ಮಾರಾಯ್ತಿ.
ಕೊಡುವಾಗ ನೀವು ಎತ್ತರದಲ್ಲಿದ್ದಿರಿ, ಅಂದೆ,
ಮೂರನೇ ಮಹಡಿಯಲ್ಲಿ.

ಬೆಳಗ್ಗೆ ಕನ್ನಡಕ ಒರೆಸಿ ನೋಟ್‌ಬುಕ್ಕು ತೆರೆದರು.
ಬಲಪುಟ. ‘ಬಂದದ್ದು’ವಿನ ಕೆಳಗೆ
ದುಂಡಗೆ ಬರೆದರು: ಕುರ್ಚಿ, ಒಂದು. ಮೆಹರುನ್ನಿಸಾಳಿಂದ.
ತುಸು ಹೊತ್ತು ಅದನ್ನೇ ನೋಡಿದರು.
ಆಮೇಲೆ ಪುಸ್ತಕ ಮುಚ್ಚಿ,
ನಡುವಿಗೆ ಮಡಚಿ,
ಗಿಡ್ಡ ಕಾಲಿನ ಕೆಳಗೆ ತುರುಕಿದರು.

ಹಂಡೆ, ಕಪಾಟು, ಮೂರು ಕೋಣೆಯ ಮನೆ
ಎಲ್ಲ ಕುರ್ಚಿಯ ಕೆಳಗೆ.
ಆದರೂ ಒಂದಿಷ್ಟು ಅಲ್ಲಾಡುತ್ತದೆ.

ತಗಡಿನ ಗೋಡೆಯಾಚೆಯಿಂದ ಅವಳ ಕೂಗು:
ಬೈಠೇ ಕ್ಯಾ, ಚಾಚಾ?
ಕೂತೆ ತಾಯಿ, ಕೂತೆ, ಅಂದರು ಇವರು
ಕನ್ನಡದಲ್ಲೇ.